ಮುಯ್ಯಾಳಿಗೆ ಹೋದ ಕಂಪ್ಯೂಟರು

ಮೊನ್ನೆ ಸಂಜೆ ಮಂಡ್ಯದ ಪೇಟೆಬೀದಿಯಲ್ಲಿ ವೀಳ್ಯದೆಲೆ ಮಾರುವ ಅಜ್ಜಿಯೊಬ್ಬಳ ಮುಂದೆ ನಿಂತಿದ್ದೆ. ಎಲೆಯ ಕಟ್ಟುಗಳು ಬಾಡದಿರಲೆಂದು ಹೊದಿಸಿದ್ದ ಗೋಣಿಚೀಲದ ಮೇಲೆ ಆಕೆ ಚೊಂಬಿನಿಂದ ನೀರು ಚಿಮುಕಿಸಿದಳು. ಒದ್ದೆ ಗೋಣಿಯ ವಾಸನೆ ನಿಮಗೂ ಗೊತ್ತಿರುತ್ತದೆ. ಅರ್ಧ ಮಣ್ಣಿನದು, ಅರ್ಧ ಹಳೆಯ ರಾಗಿಯದು, ಬೇಸಿಗೆಯಲ್ಲಿ ಯಾರಿಗಾದರೂ ಹಿತವಾಗುವಂಥದ್ದು. ಆದರೆ ಅದು ಮೂಗಿಗೆ ಬಡಿದದ್ದೇ ತಡ, ನಾನು ಹಿಂದಕ್ಕೆ ಹಾರಿದೆ. ಅಲ್ಲಿ ನಿಲ್ಲಿಸಿದ್ದ ಸೈಕಲ್ಲು ಬಿತ್ತು, ನನ್ನ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವೂ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳುವ ಬದಲು, "ಇಲ್ಲೆಲ್ಲೂ ಕರೆಂಟು ಇಲ್ಲ ತಾನೇ?" ಎಂದು ಕೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಎಲೆಗೆ ಯಾಕವ್ವಾ ಕರೆಂಟು? ನೋಡಿದ್ರೆ ಓದ್ದೋಳಂಗೆ ಕಾಣ್ತೀಯ."

ಓದಿದವಳೇ. ಅದೂ ಭೌತಶಾಸ್ತ್ರ ತೆಗೆದುಕೊಂಡು ಬಿಎಸ್ಸಿ ಮಾಡಿದವಳು. ಕರೆಂಟು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾಕೆ ಹರಿಯುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೇನೆ. ಈಗ ಮಂಡ್ಯದ ಗುತ್ತಲು ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲಿ ಗೀಸರಿನ ಸ್ವಿಚ್ಚು ಹಾಕಬೇಕಾದರೂ ಮರದ ಸೌಟಿನಿಂದ ಹಾಕುತ್ತೇನೆ. ನಗಬೇಡಿ. ಈ ಬೇಸಿಗೆಯಲ್ಲಿ ನನ್ನ ಚಿಕ್ಕಮ್ಮನನ್ನು ಕರೆಂಟು ಹಿಡಿದದ್ದನ್ನು ನಾನು ಒಂದು ಮಾರು ದೂರದಿಂದ ನೋಡಿದೆ. ಚಿಕ್ಕಮ್ಮ ಬದುಕಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಆದರೆ ಆ ಮಧ್ಯಾಹ್ನ ಮಾತ್ರ ನನ್ನ ತಲೆಯೊಳಗೆ ಮತ್ತೆ ಮತ್ತೆ ನಡೆಯುತ್ತಲೇ ಇದೆ. ಒಂದೊಂದು ಸಲ ನಾನು ಬೇಗ ತಲುಪುತ್ತೇನೆ. ಒಂದೊಂದು ಸಲ ನನ್ನ ಬಸ್ಸಿನ ಮುಂದೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿಕೊಂಡು, ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಿಜವಾಗಿ ನಡೆದದ್ದೇನೆಂದು ಒಮ್ಮೆ ಸಾವಧಾನವಾಗಿ ಹೇಳಿಬಿಟ್ಟರೆ ತಲೆ ಹಗುರವಾದೀತೆಂದು ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ಕಾಲೇಜು ಓದುವಾಗ ನಾನು ಇದ್ದದ್ದು ಮಂಡ್ಯದ ಹತ್ತಿರದ ಕೆರಗೋಡಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ನನ್ನ ಅಮ್ಮನ ತಂಗಿ, ಹೆಸರು ಜಯಮ್ಮ. ಹುಟ್ಟಿದ್ದು ಮಳವಳ್ಳಿ ಕಡೆಯ ಹಳ್ಳಿಯಲ್ಲಿ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ಇದ್ದಬದ್ದ ಬೈಗುಳವೂ ಅಕ್ಕರೆಯೂ ನನ್ನೊಬ್ಬಳ ಪಾಲಿಗೇ ಬರುತ್ತಿದ್ದವು. ಚಿಕ್ಕಮ್ಮ ತನ್ನ ಗಂಡನನ್ನು ಊರಿನವರೆಲ್ಲ ಕರೆಯುವಂತೆ "ಮೇಷ್ಟ್ರೇ" ಎಂದೇ ಕರೆಯುತ್ತಾಳೆ. ಮದುವೆಯಾದ ಹೊಸತರಲ್ಲಿ ಹೆಸರು ಹಿಡಿಯಬಾರದೆಂದು ಶುರುವಾದದ್ದು, ಆಮೇಲೆ ಅದೇ ಮುದ್ದಿನ ಹೆಸರಾಯಿತು. ಬೈಯುವಾಗಲೂ "ಮೇಷ್ಟ್ರೇ, ನಿಮ್ಗೆ ಬುದ್ಧಿ ಅದಾ?" ಎಂದು ಮರ್ಯಾದೆ ಬಿಡದೆಯೇ ಬೈಯುತ್ತಾಳೆ.

ಆ ಮನೆಯ ಹಿತ್ತಿಲಲ್ಲಿ ರೇಷ್ಮೆಹುಳು ಸಾಕುವ ಮನೆಯೊಂದಿದೆ. ಚಿಕ್ಕಮ್ಮ ತವರಿನಿಂದ ತಂದ ವಿದ್ಯೆ ಅದು. ಹುಳುಮನೆಯಲ್ಲಿ ಮಾತಾಡುವುದೂ ಮೆಲ್ಲಗೆ, ನಡೆಯುವುದೂ ಮೆಲ್ಲಗೆ. ಚಪ್ಪಲಿ ಹೊರಗೇ ಬಿಡಬೇಕು, ಬಾಗಿಲ ಪಕ್ಕದ ತೊಟ್ಟಿಯಲ್ಲಿ ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಹೊರಗಿನ ಕೊಳೆ ಬಂದರೆ ಹುಳುಗಳಿಗೆ ರೋಗ ತಗಲುತ್ತದೆ. ಸೆಖೆ ಹೆಚ್ಚಾದರೆ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ನೀರು ಎರಚುವುದು. ಒದ್ದೆ ಗೋಣಿಯನ್ನು ದಾಟಿ ಬರುವ ಗಾಳಿ ಎಷ್ಟು ತಂಪಾಗಿರುತ್ತದೆಂದರೆ, ನಾನು ಪರೀಕ್ಷೆಗೆ ಓದಿದ್ದೆಲ್ಲ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುಗಳ ಸರಬರ ಸದ್ದಿನ ನಡುವೆ. ಮಳೆ ಬಂದಂತೆ ಕೇಳುವ ಸದ್ದು ಅದು. ಈಗಲೂ ನಿಜವಾದ ಮಳೆ ಬಂದರೆ ನನಗೆ ಪರೀಕ್ಷೆ ಹತ್ತಿರ ಬಂತೇನೋ ಎಂಬ ಕಳವಳ.

ಡಿಗ್ರಿಯ ಎರಡನೇ ವರ್ಷ ಚಿಕ್ಕಪ್ಪ ನನಗೆಂದು ಕಂಪ್ಯೂಟರು ತಂದರು. ಮಂಡ್ಯದಿಂದ ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದರೆಂದು ಕಂಡಕ್ಟರು ಬಹಳ ದಿನ ಆಡಿಕೊಂಡಿದ್ದ. ನಾನು ಓದು ಮುಗಿಸಿ, ಮಂಡ್ಯದ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಹಿಡಿದು, ಗುತ್ತಲಿಗೆ ಬಂದ ಮೇಲೆ ಆ ಡಬ್ಬ ಅಲ್ಲೇ ಉಳಿಯಿತು. ಅದಕ್ಕೊಂದು ಚಾಳಿ ಇತ್ತು: ತಗಡಿನ ಮೈ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತಿತ್ತು. ಆ ಮನೆಯ ವೈರಿಂಗು ಹಳೆಯದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಅನ್ನುವುದೇ ಇರಲಿಲ್ಲ. "ಅದು ಅಂಗೇ ಕಣವ್ವ, ಚಪ್ಪಲಿ ಮೆಟ್ಕಂಡು ಮುಟ್ಟು" ಎಂದು ಚಿಕ್ಕಮ್ಮ ಅಂದಳು, ನಾವೆಲ್ಲ ಹಾಗೇ ಮಾಡಿದೆವು. ಒದೆಯುವ ಎಮ್ಮೆಯ ಬಳಿ ಪಕ್ಕದಿಂದ ಹೋಗುವುದನ್ನು ಕಲಿಯುವುದಿಲ್ಲವೇ, ಹಾಗೆ.

ಚಿಕ್ಕಪ್ಪ ನಿವೃತ್ತರಾದ ಮೇಲೆ ಅವರ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಕಾಯಿಲೆ ಅಂದರು ಡಾಕ್ಟರು. ಕೈಯ ನಡುಕಕ್ಕಿಂತ ಹೆಚ್ಚಾಗಿ ನಮ್ಮನ್ನು ಕಂಗೆಡಿಸಿದ್ದು ಎರಡು ಸಂಗತಿ. ಒಂದು, ಬಾಗಿಲು ದಾಟಬೇಕಾದರೆ ಹೊಸ್ತಿಲ ಬಳಿ ಅವರ ಕಾಲು ಅಂಟಿಕೊಂಡಂತೆ ನಿಂತುಬಿಡುತ್ತಿದ್ದವು. ಇನ್ನೊಂದು, ಅವರ ದನಿ. ಹೈಸ್ಕೂಲಿನ ಮೈದಾನದ ಆಚೆ ತುದಿಯ ಹುಡುಗರನ್ನು ನಿಂತಲ್ಲೇ ನಿಲ್ಲಿಸುತ್ತಿದ್ದ ದನಿ ಬರಬರುತ್ತಾ ಪಿಸುಮಾತಾಯಿತು. ಹತ್ತಿರ ಕೂತು ತುಟಿ ನೋಡಿದರೆ ಮಾತ್ರ ತಿಳಿಯುವಷ್ಟು. ಚಿಕ್ಕಮ್ಮ ಹುಳು ಸಾಕುವುದನ್ನು ನಿಲ್ಲಿಸಿದಳು. "ಇನ್ಮೇಲೆ ಇವ್ರೊಬ್ರೇ ಸಾಕು ಸಾಕೋಕೆ" ಎಂದು ನಗುತ್ತಲೇ ಅಂದಳು.

ಆ ದಿನಗಳಲ್ಲೇ ಚಿಕ್ಕಪ್ಪ ಎಲ್ಲೋ ಓದಿದರು: ಜಗತ್ತಿನ ಮನೆಮನೆಗಳಲ್ಲಿ ಸುಮ್ಮನೆ ಕೂತಿರುವ ಕಂಪ್ಯೂಟರುಗಳನ್ನು ಸೇರಿಸಿ ದೊಡ್ಡ ದೊಡ್ಡ ಲೆಕ್ಕ ಮಾಡಿಸುವ ವ್ಯವಸ್ಥೆ ಇದೆಯಂತೆ. ಒಂದು ಭಾರಿ ಲೆಕ್ಕವನ್ನು ಚೂರು ಚೂರು ಮಾಡಿ ಇಂಟರ್ನೆಟ್ಟಿನ ಮೂಲಕ ಹಂಚುತ್ತಾರೆ. ಪ್ರತಿ ಮನೆಯ ಯಂತ್ರ ತನ್ನ ಪಾಲಿನ ಚೂರನ್ನು ಬಿಡಿಸಿ, ಹೇಳಿದ ತಾರೀಖಿನೊಳಗೆ ವಾಪಸ್ ಕಳಿಸಬೇಕು. ಅಂಥ ಲೆಕ್ಕಗಳಲ್ಲೊಂದು, ಮಿದುಳಿನೊಳಗಿನ ಪ್ರೋಟೀನುಗಳು ಹೇಗೆ ಮಡಿಸಿಕೊಳ್ಳುತ್ತವೆ, ತಪ್ಪಾಗಿ ಮಡಿಸಿಕೊಂಡರೆ ಇಂಥ ಕಾಯಿಲೆ ಹೇಗೆ ಬರುತ್ತದೆ ಎನ್ನುವುದು. ಒಂದು ಭಾನುವಾರ ನನ್ನ ಕೈಯಲ್ಲಿ ಆ ಹಳೆಯ ಡಬ್ಬಕ್ಕೆ ಅದನ್ನು ಹಾಕಿಸಿಕೊಂಡರು.

ಡಬ್ಬ ದಿನವಿಡೀ ಗುಯ್ಗುಡತೊಡಗಿದಾಗ ಚಿಕ್ಕಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅದೇನ್ ಮೇಷ್ಟ್ರೇ, ಯಾರೂ ಮುಟ್ಟದೇನೆ ಅದರ ಪಾಡಿಗೆ ಗೇಯ್ತಾ ಅದಲ್ಲ?"

"ಲೆಕ್ಕ ಮಾಡ್ತಾ ಇದೆ ಕಣೆ" ಎಂದರು ಚಿಕ್ಕಪ್ಪ.

"ಯಾರ ಲೆಕ್ಕ?"

ಚಿಕ್ಕಪ್ಪ ತಮ್ಮ ಪಿಸುದನಿಯಲ್ಲಿ ವಿವರಿಸಿದರು, ಕೇಳಿಸದ್ದನ್ನು ನಾನು ಹೇಳಿದೆ. ಚಿಕ್ಕಮ್ಮ ಎಲ್ಲ ಕೇಳಿ, "ಅಂದ್ರೆ ಮುಯ್ಯಾಳಿಗೆ ಓಗ್ಯದೆ ಅನ್ನಿ" ಎಂದಳು.

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ನಮ್ಮ ಕಡೆ ನಾಟಿಗೋ ಕುಯ್ಲಿಗೋ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು ಹೋಗುವುದುಂಟು. ಕೂಲಿಯಿಲ್ಲ, ಆಳಿಗೆ ಆಳು. ಅದೇ ಮುಯ್ಯಾಳು.

"ಮತ್ತೆ ಅವ್ರು ನಮ್ಮನೆಗೆ ಯಾವಾಗ ಬತ್ತಾರಂತೆ?"

"ನಮ್ಮನೆಗೆ ಅಲ್ಲ ಕಣೆ. ಮುಂದೆ ಯಾರ ಮನೆಗೋ."

"ಯಾರ ಮನೆಗಾದ್ರೂ ಸರಿ, ಅನ್ನ ಆರೋಯ್ತದೆ, ಏಳಿ" ಎಂದು ಚಿಕ್ಕಮ್ಮ ಒಳಗೆ ಹೋದಳು.

ಆದರೆ ನಮ್ಮ ಆಳು ಬಹಳ ಮುದಿಯಾಳು. ಹೊಸ ಕಂಪ್ಯೂಟರುಗಳು ಎರಡು ದಿನದಲ್ಲಿ ಮುಗಿಸುವ ಚೂರನ್ನು ಇದು ವಾರಗಟ್ಟಲೆ ಎಳೆಯುತ್ತಿತ್ತು. ನಡುವೆ ಕರೆಂಟು ಹೋಗುತ್ತಿತ್ತು. ಕರೆಂಟಿದ್ದರೆ ಡಬ್ಬ ಕಾದು ತಾನೇ ಆರಿಹೋಗುತ್ತಿತ್ತು. ತಾರೀಖು ಮೀರಿದ ಮೇಲೆ ಕಳಿಸಿದ ಚೂರು ಯಾರಿಗೂ ಬೇಕಿಲ್ಲ. ಅಷ್ಟರಲ್ಲಿ ಅದನ್ನು ಬೇರೆ ಯಾರಿಗೋ ಕೊಟ್ಟು ಮಾಡಿಸಿರುತ್ತಾರೆ. ಒಂದಾದ ಮೇಲೊಂದು ಚೂರು ಹಾಗೆ ತಡವಾಗಿ ಹೋಗಿ ಬೇಡವಾಯಿತು. ಪರದೆಯ ಮೇಲೆ ಆ ಸುದ್ದಿ ಬಂದಾಗಲೆಲ್ಲ ಚಿಕ್ಕಪ್ಪ ಅದನ್ನು ಓದಿ ಮುಂದಿನ ಚೂರು ತರಿಸಿಕೊಳ್ಳುತ್ತಿದ್ದರು. ಆ ಕಾಯಿಲೆ ಮುಖದ ಭಾವವನ್ನೂ ಒರೆಸಿಹಾಕುತ್ತದೆ, ಹಾಗಾಗಿ ಮುಖ ನೋಡಿಯೂ ತಿಳಿಯುವಂತಿರಲಿಲ್ಲ. ಒಂದು ದಿನ ಮಾತ್ರ ನಾನು ಹೊರಡುವಾಗ ಹತ್ತಿರ ಕರೆದು ಹೇಳಿದರು: "ಮೌಸು ಹಿಡಿಯೋಕೂ ಆಗದೇ ಹೋಗೋದ್ರೊಳಗೆ ಒಂದೇ ಒಂದಾದ್ರೂ ಹೊತ್ತಿಗೆ ಸರಿಯಾಗಿ ಸೇರಬೇಕು ಕಣಮ್ಮ. ಒಂದು ಸಾಕು."

ಅಲ್ಲಿಂದ ನಾವು ಮೂವರೂ ಆ ಡಬ್ಬದ ಸೇವೆಗೆ ನಿಂತೆವು. ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿನ ಕೆಳಗೆ, ಲೆಕ್ಕ ಮಾಡುವ ಚಿಪ್ಪಿನ ಶಾಖ ಹೊರಹಾಕುವ ಸಣ್ಣ ತಗಡುಗಳ ಸಂದಿಯಲ್ಲೆಲ್ಲ ಧೂಳು ಕಂಬಳಿಯಂತೆ ಕೂತಿತ್ತು. ನನ್ನ ಬ್ರಷ್ಷು ಒಳಗೆ ಹೋಗಲಿಲ್ಲ. ಚಿಕ್ಕಮ್ಮ ಅಟ್ಟದಿಂದ ಕೋಳಿಗರಿಯೊಂದನ್ನು ತಂದಳು. ಮೊಟ್ಟೆಯೊಡೆದು ಬಂದ ಕೂದಲೆಳೆಯಂಥ ಮರಿಹುಳುಗಳನ್ನು ನೋಯಿಸದೆ ಸೊಪ್ಪಿನ ಮೇಲೆ ಸರಿಸುವುದಕ್ಕೆ ಇಟ್ಟುಕೊಂಡಿದ್ದ ಗರಿ. ಅದರಿಂದ ಆಕೆ ತಗಡಿನ ಒಂದೊಂದು ಸಂದಿಯನ್ನೂ ಗುಡಿಸಿದಳು. ನಾನು ಚಿಪ್ಪಿಗೆ ಹೊಸದಾಗಿ ಶಾಖ ಸಾಗಿಸುವ ಅಂಟು ಹಚ್ಚಿದೆ, ಮಂಡ್ಯದಲ್ಲಿ ಸಿಕ್ಕ ಹಳೆಯ ಮೆಮೊರಿಯನ್ನು ಸೇರಿಸಿದೆ. ಬೇಡದ ತಂತ್ರಾಂಶಗಳನ್ನೆಲ್ಲ ತೆಗೆದುಹಾಕಿ, ಕಾಲೇಜಿನ ದಿನಗಳಲ್ಲಿ ನಾನೇ ತುಂಬಿದ್ದ ಸಿನಿಮಾ ಹಾಡುಗಳಿಗೂ ವಿದಾಯ ಹೇಳಿದೆ. ಕೊನೆಗೆ ಚಿಕ್ಕಮ್ಮನ ಸಲಹೆಯಂತೆ ಡಬ್ಬವನ್ನು ಮನೆಯಲ್ಲೇ ಎಲ್ಲಕ್ಕಿಂತ ತಂಪಾದ ಜಾಗಕ್ಕೆ, ಖಾಲಿ ಬಿದ್ದಿದ್ದ ಹುಳುಮನೆಗೆ ಸಾಗಿಸಿದೆವು.

ಅದು ನಿಜಕ್ಕೂ ಚುರುಕಾಯಿತು. ಚಿಕ್ಕಪ್ಪ ಬೆಳಿಗ್ಗೆ ಮಾತ್ರೆ ನುಂಗಿ, ಮೈ ಸಡಿಲವಾಗುವ ಹೊತ್ತಿಗೆ ಅಂಗಿ ಹಾಕಿಕೊಂಡು, ಕೋಲು ಹಿಡಿದು ಹುಳುಮನೆಗೆ ಹೋಗಿ ಕೂರುತ್ತಿದ್ದರು. ಆಗಾಗ ಡಬ್ಬ ಕಾದು ನಿಂತರೆ ಚಿಕ್ಕಮ್ಮ, "ಜ್ವರಕ್ಕೆ ಕೂತದೆ, ಏಳ್ತದೆ ಬುಡಿ" ಎನ್ನುತ್ತಿದ್ದಳು. ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ.

ಯುಗಾದಿ ಕಳೆದು ಸೆಖೆ ಏರಿತು. ಆ ಸಲ ಬಂದ ಚೂರು ಮುಕ್ಕಾಲು ಭಾಗ ಮುಗಿದಿತ್ತು, ಸೋಮವಾರದೊಳಗೆ ಕಳಿಸಬೇಕು. ಮೊದಲ ಸಲ ಗೆಲ್ಲುವ ಲಕ್ಷಣ ಕಾಣುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತು ಡಬ್ಬ ಮೇಲಿಂದ ಮೇಲೆ ನಿಲ್ಲುತ್ತಿತ್ತು. ಹುಳುಮನೆಯಲ್ಲಿ ಸೆಖೆಯಾದರೆ ಏನು ಮಾಡಬೇಕೆಂದು ಚಿಕ್ಕಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಶುಕ್ರವಾರ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದಳು. ಒಳಗೆ ತಂಪಾಯಿತು, ಡಬ್ಬ ನಿಲ್ಲುವುದು ಕಡಿಮೆಯಾಯಿತು. ಕಿಟಕಿಗೆ ಕಟ್ಟಿದ್ದೇ ಇಷ್ಟು ಕೆಲಸ ಮಾಡಿದರೆ ಇನ್ನೂ ಹತ್ತಿರ ಕಟ್ಟಿದರೆ ಇನ್ನೆಷ್ಟು ಮಾಡೀತು ಎಂದುಕೊಂಡಳು ಚಿಕ್ಕಮ್ಮ.

ಭಾನುವಾರ ಮಧ್ಯಾಹ್ನ ನಾನು ಕೆರಗೋಡಿನಲ್ಲಿ ಬಸ್ಸಿಳಿದು ನೇರ ಹಿತ್ತಿಲಿಗೆ ಹೋದೆ. ಹುಳುಮನೆಯ ಮುಂದೆ ಚಪ್ಪಲಿ ಬಿಟ್ಟೆ, ತೊಟ್ಟಿಯಲ್ಲಿ ಕಾಲು ತೊಳೆದೆ. ಹುಳುಗಳಿಲ್ಲದೆ ವರ್ಷಗಳಾಗಿದ್ದರೂ ಆ ಬಾಗಿಲಲ್ಲಿ ನಾವು ಮೂವರೂ ಹಾಗೆ ಮಾಡುವುದನ್ನು ಬಿಟ್ಟಿರಲಿಲ್ಲ. ಚಿಕ್ಕಮ್ಮನೂ ಬರಿಗಾಲಲ್ಲೇ ಇದ್ದಳು. ನೆಲವೆಲ್ಲ ಒದ್ದೆ. ಕೈಯಲ್ಲಿ ನೀರಿನ ಚೊಂಬು. ಡಬ್ಬಕ್ಕೆ ಸುತ್ತಲೂ ಗೋಣಿ ಹೊದಿಸಿ, ಹಸುಗೂಸಿಗೆ ಕುಲಾವಿ ಹಾಕಿದಂತೆ ಮುಂದಿನ ಮುಖ ಮಾತ್ರ ಬಿಟ್ಟಿದ್ದಳು. ಗೋಣಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಚಿಕ್ಕಮ್ಮಾ, ಇದೇನು ಮಾಡಿದ್ದೀಯ?"

"ಬಾರವ್ವ ಬಾ, ನೋಡು. ಬೆಳಗಿಂದ ಒಂದ್ಸಲಾನೂ ನಿಂತಿಲ್ಲ. ಎಂಗೆ ತಣ್ಣಗೆ..." ಎನ್ನುತ್ತಾ ಚೊಂಬು ಕೆಳಗಿಟ್ಟು, ಹಸುವಿನ ಬೆನ್ನು ತಟ್ಟುವಂತೆ ಡಬ್ಬದ ಪಕ್ಕೆಗೆ ಅಂಗೈ ಇಟ್ಟಳು.

ಕರೆಂಟು ಹಿಡಿದವರು ಕಿರುಚುತ್ತಾರೆಂದು ನಾನು ತಿಳಿದಿದ್ದೆ. ಇಲ್ಲ. ಮಾತು ಅರ್ಧಕ್ಕೆ ನಿಲ್ಲುತ್ತದೆ, ಅಷ್ಟೆ. ಆಕೆಯ ಮುಖದ ಮೇಲೆ ಇನ್ನೂ ನನಗೆ ತೋರಿಸುವ ಆ ಖುಷಿಯೇ ಇತ್ತು. ಹಲ್ಲು ಕಚ್ಚಿಕೊಂಡಿದ್ದವು, ತೋಳು ಬಿಗಿದು ಅದುರುತ್ತಿತ್ತು. ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ ಹೇಳಲಾರೆ; ತಲೆಯೊಳಗೆ ಅದು ದಿನಕ್ಕೊಂದು ಅಳತೆಯಲ್ಲಿ ನಡೆಯುತ್ತದೆ. ಅರ್ಥವಾದ ಕೂಡಲೇ, ನಾನು ಓದಿದ್ದ ಭೌತಶಾಸ್ತ್ರವೆಲ್ಲ ಎಲ್ಲಿ ಹೋಯಿತೋ, ಆಕೆಯನ್ನು ಬಾಚಿ ಎಳೆದುಕೊಳ್ಳಲು ಎರಡೂ ಕೈ ಚಾಚಿ ಓಡಿದೆ.

"ಮುಟ್ಟಬೇಡ!"

ಹಿಂದಿನಿಂದ ಬಂದ ಆ ದನಿಗೆ ನನ್ನ ಕಾಲು ನೆಲಕ್ಕೆ ಹೂತುಹೋದವು. ಯಾರೋ ಗಟ್ಟಿಗರು ಬಂದರೆಂದು ತಿರುಗಿದೆ. ಚಿಕ್ಕಪ್ಪ ಬಾಗಿಲಲ್ಲಿದ್ದರು. ಹೊಸ್ತಿಲ ಆಚೆ ಅವರ ಕಾಲು ಎಂದಿನಂತೆ ಅಂಟಿಕೊಂಡಿದ್ದವು. ಒಂದು ಕೈ ಬಾಗಿಲುವಾಡ ಹಿಡಿದಿತ್ತು. ಇನ್ನೊಂದು ಕೈ ಕೋಲನ್ನು ನನ್ನತ್ತ ಚಾಚಿತ್ತು; ಗಾಳಿಗೆ ಸಿಕ್ಕ ಕಬ್ಬಿನ ಗರಿಯಂತೆ ಆ ಕೋಲು ಅಲ್ಲಾಡುತ್ತಿತ್ತು. ದನಿ ಮಾತ್ರ ಅಲ್ಲಾಡಲಿಲ್ಲ.

"ಕೋಲು ತಗೋ! ಗೋಡೆ ಮೇಲೆ ಮೈನು! ಕೆಳಕ್ಕೆ ಹೊಡಿ!"

ಮೈದಾನದ ಆಚೆ ತುದಿಗೆ ಕೇಳುವ ದನಿ. ಕೋಲು ಕಿತ್ತುಕೊಂಡೆ, ಗೋಡೆಯ ಮೇಲಿನ ಮೈನ್ ಸ್ವಿಚ್ಚಿನ ಹಿಡಿಗೆ ಹೊಡೆದೆ. ತಪ್ಪಿತು. ಮತ್ತೆ ಹೊಡೆದೆ. ಗುಯ್ ಎನ್ನುತ್ತಿದ್ದ ಸದ್ದು ನಿಂತಿತು, ಚಿಕ್ಕಮ್ಮ ಮಡಿಸಿದ ಸೀರೆಯಂತೆ ಒದ್ದೆ ನೆಲಕ್ಕೆ ಕುಸಿದಳು.

ನಾನು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗುತ್ತಿದ್ದಾಗ ಚಿಕ್ಕಪ್ಪ ಹೊಸ್ತಿಲಲ್ಲೇ ಕೂತರು. ಕಾಲು ಬಾರದಿದ್ದರೇನು, ಎರಡೂ ಕೈ ನೆಲಕ್ಕೂರಿ, ಮಂಡಿಯ ಮೇಲೆ ಮಗುವಿನಂತೆ ಅಂಬೆಗಾಲಿಡುತ್ತಾ ಬಂದರು. ಆಕೆಯ ಮೂಗಿನ ಬಳಿ ಬೆರಳಿಟ್ಟರು. ಬೆರಳು ನಿಲ್ಲುತ್ತಿರಲಿಲ್ಲ, ಉಸಿರಾಡುತ್ತಿದ್ದಾಳೋ ಇಲ್ಲವೋ ಅವರಿಗೆ ತಿಳಿಯುವ ಬಗೆಯಿರಲಿಲ್ಲ. ಕೊನೆಗೆ ಕೆನ್ನೆಯನ್ನೇ ಆಕೆಯ ಬಾಯಿಯ ಬಳಿ ಒಡ್ಡಿದರು. ಹಾಗೇ ಇದ್ದರು.

ಚಿಕ್ಕಮ್ಮ ಕಣ್ಣು ಬಿಟ್ಟಳು. ನನ್ನನ್ನು ನೋಡಲಿಲ್ಲ, ನೇರ ಗಂಡನನ್ನು ನೋಡಿದಳು. "ಲೆಕ್ಕ ಓಯ್ತಾ ಮೇಷ್ಟ್ರೇ?" ಎಂದಳು.

"ಹೋಗ್ಲಿ ಬಿಡೇ" ಎಂದರು ಚಿಕ್ಕಪ್ಪ. ದನಿ ಆಗಲೇ ಪಿಸುಮಾತಿಗೆ ಇಳಿದಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ ಹೋದೆವು. ಎದೆಬಡಿತ ನೋಡಬೇಕೆಂದು ಮರುದಿನದವರೆಗೆ ಇಟ್ಟುಕೊಂಡರು. ಅಂಗೈಯಲ್ಲಿ ಸುಟ್ಟ ಗುರುತು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಆ ಸೋಮವಾರ ನಾವೆಲ್ಲ ಆಸ್ಪತ್ರೆಯ ಬೆಂಚಿನ ಮೇಲಿದ್ದಾಗ ಚೂರಿನ ತಾರೀಖು ತಾನಾಗಿಯೇ ಕಳೆದುಹೋಯಿತು.

ಅವರಿಬ್ಬರನ್ನೂ ಊರಿಗೆ ಬಿಟ್ಟ ದಿನವೇ ನಾನು ಮದ್ದೂರಿನ ಗುಜರಿಯವನಿಗೆ ಫೋನು ಮಾಡಿದ್ದೆ. ಅವನು ಗಾಡಿ ತಂದು ಬಾಗಿಲಲ್ಲಿ ನಿಂತಾಗ ಚಿಕ್ಕಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಹೊರಗೆ ಬಂದಳು.

"ಯಾರ್ ಯೇಳಿದ್ರು ನಿಂಗೆ ಬಾ ಅಂತ? ಓಗಯ್ಯ ಓಗು" ಎಂದು ಅವನನ್ನು ಕಳಿಸಿ ನನ್ನ ಕಡೆ ತಿರುಗಿದಳು. "ಏನವ್ವಾ, ಮುಟ್ಟಿದ್ದು ನಾನು, ಬಿದ್ದಿದ್ದು ನಾನು. ನೀನ್ಯಾಕೆ ಅದ್ನ ಮಾರೀಯೆ?"

"ನಿನ್ನ ಪ್ರಾಣ ತೆಗೀತಿತ್ತು ಅದು!"

"ತೆಗೀಲಿಲ್ವಲ್ಲ." ಆಮೇಲೆ ದನಿ ತಗ್ಗಿಸಿದಳು. "ಒಳಗೋಗಿ ಅವ್ರುನ್ನ ನೋಡು. ಮುಂಚೆ ಬೆಳಗಾನೆ ಎದ್ದು, ಮಕ ತೊಳ್ದು, ಅಂಗಿ ಆಕ್ಕಂಡು, ಇಸ್ಕೂಲಿಗೆ ಒಂಟೋರಂಗೆ ಒಂಟೋಗೋರು. ಈಗ ಬನೀನಲ್ಲೇ ಕೂತವ್ರೆ. ಅಂಗಿ ಕೊಟ್ರೆ, ಎಲ್ಲಿಗೆ ಅಂತ ಕೇಳ್ತರೆ ಕಣವ್ವ. ನಾನೇನ್ ಯೇಳ್ಲಿ?"

ಒಳಗೆ ಹೋಗಿ ನೋಡಿದೆ. ಚಿಕ್ಕಪ್ಪ ಮಂಚದ ಅಂಚಿನಲ್ಲಿ, ಬನಿಯನ್ನಿನಲ್ಲಿ, ಗೋಡೆ ನೋಡುತ್ತಾ ಕೂತಿದ್ದರು. ನನ್ನನ್ನು ಕಂಡು, "ನನಗೊಂದು ಚಪಲ ಹತ್ತಿ ಅವಳನ್ನ ಕೊಲ್ತಿದ್ದೆ. ಸಾಕಮ್ಮ, ಕೊಟ್ಟುಬಿಡು ಅದನ್ನ" ಎಂದರು. ಆ ಮಾತು ಕೇಳಿದ ಮೇಲೆ ಕೊಡುವ ಮನಸ್ಸು ನನಗೂ ಉಳಿಯಲಿಲ್ಲ. ಹೆದರಿಕೆಯೇನೂ ಹೋಗಲಿಲ್ಲ, ಕೊಡುವುದು ಆಗಲಿಲ್ಲ, ಅಷ್ಟೆ.

ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ವೈರಿಂಗು ಕೆಲಸ ಮಾಡುವ ರಾಜು ಚಿಕ್ಕಪ್ಪನ ಹಳೆಯ ಶಿಷ್ಯ. ಅವನನ್ನು ಕರೆಸಿದೆ. ಹುಳುಮನೆಯ ಬೋರ್ಡು ನೋಡಿ ತಲೆ ಚಚ್ಚಿಕೊಂಡ.

"ಏನ್ ಸಾರ್ ಇದು? ಅರ್ತಿಂಗ್ ಪಾಠ ಬರಲಿಲ್ಲ ಅಂತ ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ದು ನೀವೇ ಅಲ್ವಾ?"

"ನಿನಗೆ ಪಾಠ ಮಾಡಿದ್ದೆ ಕಣೋ," ಎಂದರು ಚಿಕ್ಕಪ್ಪ, "ಮನೆಗೆ ಮಾಡಿರಲಿಲ್ಲ."

ರಾಜು ನಕ್ಕ. "ಬುಡಿ ಸಾರ್, ನಮ್ಮನೆ ಫ್ರಿಡ್ಜೂ ಜುಮ್ ಅಂತದೆ. ನಮ್ಮೆಂಗುಸ್ರು ಚಪ್ಪಲಿ ಮೆಟ್ಕಂಡೇ ಮೊಸರು ತೆಗೆಯೋದು. ಇವತ್ತು ಓಗಿ ಮೊದಲು ಅದನ್ನ ಸರಿ ಮಾಡ್ತೀನಿ."

ಹುಳುಮನೆಯ ಹೊರಗೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಕೊಳವೆ ಇಳಿಸಿ, ವೈರೆಲ್ಲ ಹೊಸದಾಗಿ ಎಳೆದ. ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು ಕೂರಿಸಿದ. ಡಬ್ಬಕ್ಕೆ ಕರೆಂಟು ಹಂಚುವ ಪೆಟ್ಟಿಗೆ ಸುಟ್ಟಿತ್ತು, ಬೇರೆ ತಂದು ಹಾಕಿದೆವು. ಹೊರಡುವಾಗ ರಾಜು ಚಿಕ್ಕಮ್ಮನಿಗೆ, "ಅಕ್ಕ, ಆ ಗುಂಡಿ ಮಾತ್ರ ಒಣಗಬಾರದು. ಬೇಸಿಗೇಲಿ ಅದಕ್ಕೆ ನೀರು ಉಯ್ಯಬೇಕು" ಎಂದ.

ಚಿಕ್ಕಮ್ಮ ನನ್ನನ್ನು ನೋಡಿದ ನೋಟದಲ್ಲಿ ಗೆಲುವಿತ್ತು. "ನೋಡ್ದಾ? ನೀರು ಬೇಕೇ ಬೇಕು ಅದ್ಕೆ. ಜಾಗ ಒಂಚೂರು ಆಚೀಚೆ ಆಗಿತ್ತು, ಅಷ್ಟೇಯ." ಈಗ ಪ್ರತಿದಿನ ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ಒಂದು ಕೊಡ ಆ ಗುಂಡಿಗೆ. ಒಂದು ದಿನ ಅಲ್ಲಿ ಎರಡು ದಾಸವಾಳವೂ ಕಂಡವು.

ಮತ್ತೆ ಡಬ್ಬ ಹಾಕಿದ ದಿನ ನಾನೂ ಚಿಕ್ಕಪ್ಪನೂ ಇಂಥದ್ದೇ ಹಳೆಯ ಯಂತ್ರ ಇಟ್ಟುಕೊಂಡವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಕೂತು ಓದಿದೆವು. ನಾವು ಮಾಡಿದ್ದ ಇನ್ನೊಂದು ತಪ್ಪು ಅಲ್ಲಿ ತಿಳಿಯಿತು. ಬೇಗ ಮುಗಿಯಲೆಂದು ಅದರ ಶಕ್ತಿಯನ್ನೆಲ್ಲ ಪೂ‍ರ್ತಿ ಈ ಲೆಕ್ಕಕ್ಕೇ ಹಚ್ಚಿದ್ದೆವು. ಪೂರ್ತಿ ಓಡಿದರೆ ಚಿಪ್ಪು ಕಾಯುತ್ತದೆ, ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಅರ್ಧ ಶಕ್ತಿಗೆ ಇಳಿಸಿ, ಒಂದು ಸಲಕ್ಕೆ ಒಂದೇ ಚೂರು ಕೊಟ್ಟು, ಬಿಸಿಲಿನ ಹೊತ್ತು ಸುಮ್ಮನೆ ಬಿಟ್ಟರೆ ಒಟ್ಟು ಲೆಕ್ಕದಲ್ಲಿ ಹೆಚ್ಚು ಕೆಲಸವಾಗುತ್ತದೆ. ನನಗೆ ನಂಬಲು ಕಷ್ಟವಾಯಿತು. ಚಿಕ್ಕಪ್ಪನಿಗೆ ಒಂದಿಷ್ಟೂ ಆಗಲಿಲ್ಲ.

"ಇದೂ ನನ್ನ ಹಂಗೇ" ಎಂದರು. "ಬೇಗ ನಡಿ ಅಂದ್ರೆ ನಿಂತುಬಿಡುತ್ತೆ."

ಅರ್ಧಕ್ಕಿಳಿಸಿದ ಡಬ್ಬ ಒಂದು ಸಲವೂ ಆರದೆ ಮೆಲ್ಲಗೆ ಲೆಕ್ಕ ಮಾಡತೊಡಗಿತು. ಬೆಳಿಗ್ಗೆ ಮಾತ್ರೆಯ ನಂತರ ಚಿಕ್ಕಪ್ಪನೂ ಡಬ್ಬವೂ ಕೆಲಸಕ್ಕೆ, ಮಧ್ಯಾಹ್ನ ಇಬ್ಬರಿಗೂ ವಿಶ್ರಾಂತಿ, ಸಂಜೆ ತಂಪಿಗೆ ಮತ್ತೆ. ವಾರಕ್ಕೊಮ್ಮೆ ನಾನು ಹೋಗುತ್ತಿದ್ದೆ. ಹೋದಾಗಲೆಲ್ಲ ಮೈನ್ ಸ್ವಿಚ್ಚಿನ ಕೆಳಗೇ ಕುರ್ಚಿ ಹಾಕಿಕೊಂಡು, ಡಬ್ಬಕ್ಕಿಂತ ಹೆಚ್ಚಾಗಿ ಚಿಕ್ಕಮ್ಮನ ಕೈಗಳನ್ನು ಕಾಯುತ್ತಿದ್ದೆ. "ಇವಳೊಬ್ಳು ಕಾವಲುಗಾರ್ತಿ. ಕೋಲೂ ಇಟ್ಕೊ, ಪೋಲೀಸ್ನೋಳಂಗೆ" ಎಂದು ಚಿಕ್ಕಮ್ಮ ಹಂಗಿಸುತ್ತಿದ್ದಳು.

ನಿನ್ನೆ ಬೆಳಿಗ್ಗೆ ಹೋದೆ. ಮೊದಲ ಮಳೆ ಬಿದ್ದು ಹಿತ್ತಿಲು ತಂಪಾಗಿತ್ತು. ಚೂರು ಮುಗಿದಿತ್ತು, ತಾರೀಖಿಗೆ ಇನ್ನೂ ಸಮಯವಿತ್ತು. ನನ್ನ ಫೋನಿನಿಂದ ಇಂಟರ್ನೆಟ್ಟು ಕೊಟ್ಟು, ಚಿಕ್ಕಪ್ಪನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡುತ್ತಾ ನಿಂತೆ. ಹಸಿರು ಪಟ್ಟಿ ಇಷ್ಟಿಷ್ಟೇ ತುಂಬಿ ಮಾಯವಾಯಿತು. ಹೊತ್ತಿಗೆ ಸರಿಯಾಗಿ ಬಂದಿದೆ, ಸ್ವೀಕರಿಸಿದ್ದೇವೆ ಎಂಬ ಸಾಲು ಬಂತು. ಚಿಕ್ಕಪ್ಪ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಮೇಜಿನ ಮೇಲಿದ್ದ ಎಡಗೈ ಮಾತ್ರ ಪಕ್ಕಕ್ಕೆ ಸರಿದು, ಅಲ್ಲಿ ನಿಂತಿದ್ದ ಚಿಕ್ಕಮ್ಮನ ಸೆರಗಿನ ತುದಿಯನ್ನು ಹಿಡಿದುಕೊಂಡಿತು.

"ಓಯ್ತಾ?" ಎಂದಳು ಚಿಕ್ಕಮ್ಮ.

"ಹೋಯ್ತು."

"ತಗಂಡ್ರಾ ಅವ್ರು?"

"ತಗೊಂಡ್ರು."

ಆಗ ಪರದೆಯ ಮೇಲೆ ಇನ್ನೊಂದು ಚೂರು ಬಂತು, ಒಪ್ಪಿಗೆಯೇ ಎಂದು ಕೇಳುತ್ತಾ. ಅಷ್ಟು ಹೊತ್ತೂ ನಾನು ಮೈನ್ ಸ್ವಿಚ್ಚಿಗೆ ಬೆನ್ನು ಹಾಕಿ ನಿಂತಿದ್ದೆನೆಂಬುದು ನನಗೆ ತಿಳಿದದ್ದು ಆಗಲೇ. ತಿರುಗಿ ನೋಡಬೇಕೆನ್ನಿಸಿತು. ನೋಡಲಿಲ್ಲ.

ಚಿಕ್ಕಪ್ಪ ಹೆಂಡತಿಯ ಕಡೆ ಮುಖ ಎತ್ತಿದರು. "ಒಂದು ಸಾಕು ಅಂದಿದ್ದೆ. ಇನ್ನೊಂದು ಕೊಡ್ತಾ ಇದ್ದಾರೆ ಕಣೆ. ಇದು ಸ್ವಲ್ಪ ದೊಡ್ಡದು, ಮುಂದಿನ ತಿಂಗಳ ತನಕ ಹಿಡಿಯುತ್ತೆ."

ಚಿಕ್ಕಮ್ಮ ಯೋಚಿಸಲೂ ಇಲ್ಲ. "ಇರ್ತೀವಲ್ಲ ಅಲ್ಲೀಗಂಟ. ತಗಳಿ ಅತ್ಲಾಗೆ."

ಅವರು ಮೌಸಿನ ಮೇಲೆ ಬಲಗೈ ಇಟ್ಟರು. ಬಾಣದ ಗುರುತು ಒಪ್ಪಿಗೆಯ ಚೌಕದ ಸುತ್ತ ನೊಣದಂತೆ ಹಾರಾಡಿತು, ಹತ್ತಿರ ಬಂತು, ತಪ್ಪಿತು, ಮತ್ತೆ ಬಂತು. ನಾನಾಗಲಿ ಚಿಕ್ಕಮ್ಮನಾಗಲಿ ಕೈ ಮುಂದೆ ಮಾಡಲಿಲ್ಲ. ಯಾರಿಗೂ ಅವಸರವಿರಲಿಲ್ಲ. ಅವರೇ ಒತ್ತಿದರು.